ಸೀಟು ಇಳಿಸುವ ಕಂಬ, ಅದನ್ನು ಬಿಚ್ಚುವ ಕೈ



ಸೈಕಲ್ಲಿನ ಸೀಟು ಎಷ್ಟು ಎತ್ತರದಲ್ಲಿರಬೇಕು? ಸಪಾಟು ರಸ್ತೆಗೂ ಏರುದಾರಿಗೂ ಉತ್ತರ ಒಂದೇ: ಪೆಡಲು ತೀರಾ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು, ಅಷ್ಟು. ಇಳಿಜಾರು ಬಂದ ಕೂಡಲೇ ಅದೇ ಎತ್ತರ ಅಪಾಯಕ್ಕೆ ದಾರಿ. ಕಲ್ಲು, ಬೇರು ತುಂಬಿದ ಕಾಡುದಾರಿಯಲ್ಲಿ ಇಳಿಯುವವರು ಮೈಯನ್ನು ಹಿಂದಕ್ಕೂ ಕೆಳಕ್ಕೂ ಸರಿಸಿಕೊಳ್ಳಬೇಕು. ಸೀಟು ಎತ್ತರದಲ್ಲಿದ್ದರೆ ಅದೇ ಅಡ್ಡ ಬರುತ್ತದೆ. ಭಾರವೆಲ್ಲ ಮುಂದಿನ ಚಕ್ರಕ್ಕೆ ಬಿದ್ದು ಸವಾರರು ಹ್ಯಾಂಡಲ್ಲಿನ ಮೇಲಿಂದ ಮುಗ್ಗರಿಸುತ್ತಾರೆ. ಇದಕ್ಕೆಂದು ಹುಟ್ಟಿದ್ದೇ ಡ್ರಾಪರ್ ಪೋಸ್ಟ್. ಹ್ಯಾಂಡಲ್ ಹತ್ತಿರದ ಲಿವರ್ ಒತ್ತಿ ಮೈಭಾರ ಹಾಕಿದರೆ ಸೀಟು ಕೆಳಗಿಳಿಯುತ್ತದೆ, ಭಾರ ತೆಗೆದು ಮತ್ತೆ ಒತ್ತಿದರೆ ತಾನೇ ಮೇಲೇಳುತ್ತದೆ. ಕೆಲಸ ಸರಳ. ಅದು ಕೆಟ್ಟಾಗ ಬಿಚ್ಚುವವರು ಯಾರು ಎಂಬ ಪ್ರಶ್ನೆ ಮಾತ್ರ ಸರಳವಲ್ಲ. ಈ ಕಂಬದ ಚರಿತ್ರೆಯನ್ನು ಆ ಪ್ರಶ್ನೆಯ ಜಾಡಿನಲ್ಲೇ, ನಮ್ಮ ಮುಂಬೈಯಿಂದಲೇ ಹೇಳುವುದು ನನಗೆ ಸರಿ ಎನಿಸುತ್ತದೆ.

1923ರ ಅಕ್ಟೋಬರ್ 15ರಂದು ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಪಾರ್ಸಿ ತರುಣರು ಈ ಊರಿನಿಂದ ಸೈಕಲ್ ಏರಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಮೂವರು ಸುಮಾರು 71,000 ಕಿಲೋಮೀಟರ್ ತುಳಿದು 1928ರ ಮಾರ್ಚಿನಲ್ಲಿ ಮನೆಗೆ ಮರಳಿದರು. ಮರುಭೂಮಿಯ ನಡುವೆ ಸೈಕಲ್ ಕೆಟ್ಟರೆ ಅಲ್ಲೇ ರಿಪೇರಿಯಾಗಬೇಕು, ಬೇರೆ ದಾರಿಯಿಲ್ಲ. ಆ ಕಾಲದ ಸೀಟ್ ಪಿಲ್ಲರ್ ಎಂದರೆ ಒಂದು ಉಕ್ಕಿನ ಕೊಳವೆ, ಅದನ್ನು ಹಿಡಿದಿಡುವ ಒಂದು ಬೋಲ್ಟು. ಪಾನಾ ಹಿಡಿಯಲು ಬಂದವರಿಗೆಲ್ಲ ಅದು ದಕ್ಕುತ್ತಿತ್ತು.

ಮುಂದೆ ವರ್ಲಿಯಲ್ಲಿ ಹಿಂದ್ ಸೈಕಲ್ಸ್ ಕಾರ್ಖಾನೆ ಬಂತು. ಮುಂಬೈಯಲ್ಲೇ ತಯಾರಾದ ಸೈಕಲ್ಲುಗಳು ದೇಶದ ಬೀದಿಗಿಳಿದವು. ಕಾರ್ಖಾನೆ ನಷ್ಟಕ್ಕೆ ಸಿಲುಕಿ, 1980ರ ಕಾಯಿದೆಯೊಂದರ ಮೂಲಕ ಕೇಂದ್ರ ಸರ್ಕಾರ ಅದನ್ನೂ ಬಂಗಾಳದ ಸೆನ್-ರಾಲೀಯನ್ನೂ ರಾಷ್ಟ್ರೀಕರಿಸಿತು. ಆ ಕಾಲದ ಕಪ್ಪು ಸೈಕಲ್ಲಿನ ದೊಡ್ಡ ಗುಣವೆಂದರೆ ಹಿಂದ್, ಅಟ್ಲಾಸ್, ಹೀರೋ, ಯಾವುದೇ ಇರಲಿ, ಒಂದರ ಬಿಡಿಭಾಗ ಬಹುಮಟ್ಟಿಗೆ ಇನ್ನೊಂದಕ್ಕೆ ಆಗುತ್ತಿತ್ತು. ಕಲ್ಬಾದೇವಿಯ ಸೈಕಲ್ ಅಂಗಡಿಯಲ್ಲಿ ಕೊಂಡದ್ದು ಬೋರಿವಲಿಯ ಫುಟ್‌ಪಾತಿನ ಪಂಕ್ಚರ್‌ವಾಲಾನ ಕೈಯಲ್ಲಿ ಕೂರುತ್ತಿತ್ತು. ಡಬ್ಬಾವಾಲಾಗಳ ಸೈಕಲ್ಲುಗಳು ಇಂದಿಗೂ ಈ ಬಳಗದವೇ. ವಾರಂಟಿ ಕಾರ್ಡನ್ನು ಯಾರೂ ಕೇಳುತ್ತಿರಲಿಲ್ಲ, ಅದರ ಅಗತ್ಯವೇ ಇರಲಿಲ್ಲ.

ಸೀಟು ಇಳಿಸುವ ವಿದ್ಯೆಯ ಹುಟ್ಟು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1976ರ ಅಕ್ಟೋಬರಿನಲ್ಲಿ ಅಲ್ಲಿನ ಗೆಳೆಯರ ಗುಂಪೊಂದು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಮಣ್ಣಿನ ಇಳಿಜಾರೊಂದರ ಮೇಲೆ ರಿಪ್ಯಾಕ್ ಎಂಬ ಪಂದ್ಯ ಶುರುಮಾಡಿತು. ಆ ಗುಂಪಿನ ಜೋ ಬ್ರೀಜ್ ಎಂಬಾತ 1984ರ ಹೊತ್ತಿಗೆ ಜಾಷ್ ಏಂಜೆಲ್ ಜೊತೆ ಸೇರಿ ಹೈಟ್-ರೈಟ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದ. ಅದರಲ್ಲಿದ್ದದ್ದು ಒಂದು ಸ್ಪ್ರಿಂಗು, ಅಷ್ಟೇ. ಸೀಟಿನ ಕ್ಲಾಂಪ್ ಸಡಿಲಿಸಿ ಕೂತರೆ ಸೀಟು ಇಳಿಯುತ್ತಿತ್ತು, ಎದ್ದರೆ ಸ್ಪ್ರಿಂಗು ಅದನ್ನು ಮೇಲೆತ್ತುತ್ತಿತ್ತು. ಕೆಡಲು ಅದರಲ್ಲಿ ಏನೂ ಇರಲಿಲ್ಲ ಎನ್ನಬಹುದು. ಆದರೆ ಸವಾರರು ಒಂದು ಕೈ ಹ್ಯಾಂಡಲ್ಲಿನಿಂದ ತೆಗೆಯಲೇಬೇಕಿತ್ತು.

ಆ ಕೈ ಹ್ಯಾಂಡಲ್ ಮೇಲೆಯೇ ಉಳಿಯುವಂತೆ ಮಾಡಿದ ಮೊದಲಿಗರಲ್ಲಿ ಅಮೆರಿಕದ ಮೊಂಟಾನಾದ ಗ್ರಾವಿಟಿ ಡ್ರಾಪರ್ ಮುಖ್ಯವಾದದ್ದು. 2000ರ ದಶಕದ ಆ ಕಂಬದೊಳಗೆ ಸ್ಪ್ರಿಂಗು, ತೂತುಗಳಲ್ಲಿ ಕೂರುವ ಒಂದು ಪಿನ್ನು, ಅದನ್ನು ಎಳೆಯುವ ಕೇಬಲ್ಲು. ಹೊರಗೆ ಧೂಳು ತಡೆಯುವ ರಬ್ಬರಿನ ಕವಚ. ನೋಡಲು ಅಂದವಿಲ್ಲ, ನಿಲ್ಲುವ ಎತ್ತರಗಳೂ ಎಣಿಕೆಯವು, ಆದರೆ ಮನೆಯಲ್ಲೇ ಬಿಚ್ಚಿ ಒರೆಸಿ ಗ್ರೀಸು ಹಚ್ಚಿ ಜೋಡಿಸಬಹುದಿತ್ತು. ಈ ಕಂಬದ ಬಗ್ಗೆ ನನಗೆ ವಿಶೇಷ ಗೌರವವಿದೆ.

2010ರಲ್ಲಿ ರಾಕ್‌ಶಾಕ್ಸ್ ಕಂಪನಿಯ ರೆವರ್ಬ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಸೀಟನ್ನು ಮೇಲೆತ್ತುವುದು ಒತ್ತಿಟ್ಟ ಗಾಳಿ, ಹಿಡಿದು ನಿಲ್ಲಿಸುವುದು ಎಣ್ಣೆ. ಗಾಳಿ ಹಿಸುಕಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಕವಾಟ ಮುಚ್ಚಿದಾಗ ಎಣ್ಣೆ ಎತ್ತಲೂ ಹರಿಯಲಾಗದೆ ಸೀಟು ಬೇಕಾದ ಎತ್ತರದಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಇವೆರಡನ್ನೂ ಬೇರೆ ಇಡುವುದು ನಡುವೆ ತೇಲುವ ಒಂದು ಪಿಸ್ಟನ್ನು, ಅದರ ಸುತ್ತಿನ ತೆಳ್ಳನೆಯ ರಬ್ಬರ್ ಸೀಲು. ಆ ಸೀಲು ಸವೆದು ಗಾಳಿ ಎಣ್ಣೆಯೊಳಗೆ ಸೇರಿಕೊಂಡರೆ, ಪೂರ್ತಿ ಏರಿ ನಿಂತ ಸೀಟು ಕೂತಾಗ ಒಂದೆರಡು ಸೆಂಟಿಮೀಟರ್ ಮೆತ್ತಗೆ ಕುಸಿಯತೊಡಗುತ್ತದೆ. ಡ್ರಾಪರ್ ಇರುವವರೆಲ್ಲ ಹೆದರುವ ಕಾಯಿಲೆ ಇದೇ. ಮೊದಮೊದಲು ಇದಕ್ಕೆ ಇಡೀ ಕಂಬ ಬಿಚ್ಚಬೇಕಿತ್ತು, ಅದಕ್ಕೆಂದೇ ಮಾಡಿದ ಉಪಕರಣಗಳು ಬೇಕಿದ್ದವು. 2019ರಲ್ಲಿ ಬಂದ ವೈರ್‌ಲೆಸ್ ರೆವರ್ಬ್ ಎಎಕ್ಸ್‌ಎಸ್‌ನಲ್ಲಿ, ಸೇರಿಕೊಂಡ ಗಾಳಿಯನ್ನು ಸವಾರರೇ ಹೊರಬಿಡುವಂಥ ಕವಾಟವೊಂದನ್ನು ಇಟ್ಟರು. ಹತ್ತಿರಹತ್ತಿರ ಹತ್ತು ವರ್ಷಗಳ ದೂರುಗಳಿಗೆ ಸಿಕ್ಕ ಉತ್ತರವದು.

ಇನ್ನೊಂದು ಪಂಥದವರು ಗಾಳಿ, ಎಣ್ಣೆಗಳನ್ನು ಮುಚ್ಚಿದ ಒಂದೇ ಕಾರ್ಟ್ರಿಜ್ಜಿನಲ್ಲಿಟ್ಟರು. ಆಫೀಸಿನ ಕುರ್ಚಿ ಏರಿಳಿಯುವುದೂ ಇಂಥದೇ ಗ್ಯಾಸ್ ಸ್ಪ್ರಿಂಗಿನಿಂದ. ಅದು ಕೆಟ್ಟರೆ ರಿಪೇರಿಯಿಲ್ಲ, ತೆಗೆದು ಹೊಸದನ್ನು ಹಾಕಬೇಕು. ಮುಂಬೈಯಂಥ ಊರಿಗೆ ನಾನು ಸೂಚಿಸುವುದು ಇದನ್ನೇ. ಕಾರ್ಟ್ರಿಜ್ ಬದಲಿಸಲು ಸಾಮಾನ್ಯ ಅಂಗಡಿಯ ಹುಡುಗನ ಕೈ ಸಾಕು, ತೇಲುವ ಪಿಸ್ಟನ್ನಿಗೆ ಸಾಲದು.

ಡ್ರಾಪರ್ ಗುಡ್ಡಗಾಡಿನ ಸೈಕಲ್ಲಿನ ಆಟಿಕೆ ಎಂದುಕೊಂಡಿದ್ದವರ ಕಣ್ಣು ತೆರೆದದ್ದು 2022ರ ಮಾರ್ಚ್ 19ರಂದು. ಸ್ಲೊವೇನಿಯಾದ ಮಾತೈ ಮೊಹೊರಿಚ್ ಇಟಲಿಯ ಮಿಲಾನ್–ಸಾನ್ ರೆಮೊ ರಸ್ತೆ ಪಂದ್ಯವನ್ನು ಡ್ರಾಪರ್ ಕೂರಿಸಿದ ಸೈಕಲ್ಲಿನಲ್ಲಿ ಗೆದ್ದ. ಪೊಜ್ಜಿಯೊ ಗುಡ್ಡದ ಇಳಿಜಾರಿನಲ್ಲಿ ಉಳಿದವರನ್ನು ಹಿಂದೆ ಹಾಕಿದ. ನಮ್ಮ ಮುಂಬೈ–ಪುಣೆ ಪಂದ್ಯದಲ್ಲಿ ಬೋರ್ ಘಾಟನ್ನು ಮೊದಲು ಏರಿದವರಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಕೊಡುತ್ತಾರೆ. ಏರಿದವರಿಗೆ ಸನ್ಮಾನ ಸಲ್ಲಲೇಬೇಕು. ಇಳಿಯುವುದಕ್ಕೂ ಅಷ್ಟೇ ಕಲೆ ಬೇಕೆಂದು ನಮ್ಮ ಸೈಕಲ್ ಲೋಕ ಒಪ್ಪಿಕೊಳ್ಳುತ್ತಿರುವುದು ಈಗೀಗ.

ಠಾಣೆಯ ಯೇವೂರ್ ಬೆಟ್ಟಕ್ಕೆ, ಖಾರ್ಘರ್ ಗುಡ್ಡಕ್ಕೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಡ್ರಾಪರ್ ಇರುವ ಸೈಕಲ್ಲುಗಳು ಕಣ್ಣಿಗೆ ಬಿದ್ದಾವು. ಈ ಕಂಬಗಳ ವಿನ್ಯಾಸ ಮಾಡಿದವರು ನಮ್ಮ ಹವೆಯನ್ನು ಕಂಡವರಲ್ಲ. ಸಾಂತಾಕ್ರೂಜ್‌ನಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ, ಕಟ್ಟಡ ಕೆಲಸದ ಧೂಳು. ಹಿಂದಿನ ಚಕ್ರ ಎರಚುವ ಕೆಸರು ನೇರ ಬಂದು ಹತ್ತುವುದು ಸೀಟಿನ ಕಂಬದ ಕೊರಳಿಗೆ, ಅಂದರೆ ಸೀಲು ಇರುವ ಜಾಗಕ್ಕೇ. ಕಿರು ಮರಳು ಒಳಹೊಕ್ಕು ಬುಷ್‌ಗಳನ್ನು ಉಜ್ಜುತ್ತದೆ, ಸೀಟು ಎಡಬಲಕ್ಕೆ ಅಲುಗತೊಡಗುತ್ತದೆ. ಫ್ರೇಮಿನೊಳಗೆ ಹಾದುಹೋಗುವ ಕೇಬಲ್ಲಿಗೆ ನೀರಿಳಿದು ತುಕ್ಕು ಹಿಡಿದರೆ ಲಿವರ್ ಬಿಗಿಯಾಗುತ್ತದೆ. ಎಷ್ಟೋ ಜನ ಕಂಬವೇ ಕೆಟ್ಟಿತೆಂದು ತಿಳಿಯುವುದು ಆಗ. ಕೇಬಲ್ಲು, ಅದರ ಹೊರಕವಚ ಎರಡನ್ನೂ ಬದಲಿಸಿದರೆ ಸಾಕು, ಖರ್ಚು ತೀರಾ ಕಡಿಮೆ.

ಇನ್ನೊಂದು ಸುಲಭ ಕಾರಣ, ಕ್ಲಾಂಪನ್ನು ಅತಿಯಾಗಿ ಬಿಗಿದಿರುವುದು. ಹೊರಗಿನ ಕೊಳವೆ ಹಿಸುಕಿದಂತಾಗಿ ಒಳಗಿನದು ತಡವರಿಸುತ್ತದೆ, ಸೀಟು ನಿಧಾನವಾಗಿ ಏರುತ್ತದೆ. ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ನೋಡದೆ ಅಂಗಡಿಗೆ ಒಯ್ಯಬೇಡಿ. ಮುಂಬೈಯ ಪುಟ್ಟ ಮನೆಗಳಲ್ಲಿ ಜಾಗ ಸಾಲದೆ ಸೈಕಲ್ಲನ್ನು ಸೀಟಿನಿಂದ ಗೋಡೆಗೆ ತೂಗುಹಾಕುವವರಿದ್ದಾರೆ. ಸೀಟು ಇಳಿದ ಸ್ಥಿತಿಯಲ್ಲಿ ಹಾಗೆ ತೂಗಿದರೆ, ಸೀಟು ಹಿಡಿದು ಎತ್ತಿದರೆ, ಸೈಕಲ್ಲಿನ ಭಾರವೆಲ್ಲ ಒಳಗಿನ ಸೀಲನ್ನು ಹಿಮ್ಮುಖವಾಗಿ ಎಳೆಯುತ್ತದೆ. ಎಣ್ಣೆಯೊಳಗೆ ಗಾಳಿ ಸೇರಲು ಅದೂ ಒಂದು ದಾರಿ. ಸೀಟನ್ನು ಪೂರ್ತಿ ಏರಿಸಿಯೇ ತೂಗುಹಾಕಿ. ಮಳೆಯಲ್ಲಿ ಓಡಿಸಿ ಬಂದ ದಿನ ಕೊರಳನ್ನು ಒಣಬಟ್ಟೆಯಿಂದ ಒರೆಸಿ. ಜೋರು ನೀರಿನ ಪೈಪು ಮಾತ್ರ ಹಿಡಿಯಬೇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಕೊರಳಿನ ಮುಚ್ಚಳ ಬಿಚ್ಚಿಸಿ ಹಳೆಯ ಗ್ರೀಸು ತೆಗೆದು ಹೊಸದು ಹಚ್ಚಿಸಿ.

ಇಷ್ಟಾಗಿಯೂ ಕೆಟ್ಟರೆ ವಾರಂಟಿ. ಅದು ತಯಾರಿಕೆಯ ದೋಷಕ್ಕೆ ಮಾತ್ರ. ಸವೆಯುವ ಸೀಲು, ಬುಷ್‌ಗಳನ್ನು ಬಹುತೇಕ ಎಲ್ಲರೂ ಹೊರಗಿಡುತ್ತಾರೆ. ಕಂಬ ಅಂಗಡಿಯಿಂದ ಆಮದುದಾರರಿಗೆ, ಅಲ್ಲಿಂದ ಮುಂದೆ ಪ್ರಯಾಣ ಹೊರಟರೆ ಸೈಕಲ್ಲು ಸೀಟಿಲ್ಲದೆ ಮೂಲೆ ಸೇರುತ್ತದೆ. ಅದೇ ವ್ಯಾಸದ, 30.9 ಅಥವಾ 31.6 ಮಿಲಿಮೀಟರಿನ, ಸಾದಾ ಪಿಲ್ಲರ್ ಒಂದನ್ನು ಮನೆಯಲ್ಲಿಟ್ಟುಕೊಂಡವರು ಆ ದಿನಗಳಲ್ಲೂ ಸೈಕಲ್ ಬಿಡಬೇಕಾಗಿಲ್ಲ.

ಗ್ರಾಹಕರ ಹಕ್ಕಿನ ವಿಷಯದಲ್ಲಿ ಮುಂಬೈ ದೇಶಕ್ಕೇ ಹಿರಿಯಕ್ಕ. 1966ರಲ್ಲಿ ಇಲ್ಲಿನ ಒಂಬತ್ತು ಮಂದಿ ಮಹಿಳೆಯರು ಕೂಡಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. 1975ರಲ್ಲಿ ಮುಂಬೈ ಗ್ರಾಹಕ ಪಂಚಾಯತ್ ಬಂತು. ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು ಆಮೇಲೆ, 1986ರಲ್ಲಿ. 2020ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯಿದೆಯಂತೆ ನೀವು ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರ ಊರು ಹುಡುಕಿ ಹೋಗಬೇಕಿಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರು ಕೊಡಲು ಎರಡು ವರ್ಷದ ಗಡುವಿದೆ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ರಿಪೇರಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಅದು ಆರಿಸಿಕೊಂಡ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಸೈಕಲ್ಲಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ಇದು ಸರಿಯಲ್ಲ. ಬಿಡಿಭಾಗದ ಬೆಲೆ, ಬಿಚ್ಚುವ ಕ್ರಮದ ಕೈಪಿಡಿ, ಸೀಲುಗಳ ಅಳತೆ ಸೈಕಲ್ ಮಿಸ್ತ್ರಿಗೂ ಸಿಗಬೇಕು.

ಅಲ್ಲಿಯವರೆಗೆ ನೀವೇ ಅಂಗಡಿಯಲ್ಲಿ ಕೇಳಬೇಕಾದ ಮೂರು ಮಾತುಗಳಿವೆ. ಈ ಕಂಬದ ಸೀಲ್ ಕಿಟ್ ಅಥವಾ ಕಾರ್ಟ್ರಿಜ್ ಮುಂಬೈಯಲ್ಲೇ ಸಿಗುತ್ತದೆಯೇ? ಬಿಚ್ಚುವ ಉಪಕರಣ ನಿಮ್ಮಲ್ಲಿದೆಯೇ? ವಾರಂಟಿಗೆ ಕಳಿಸಿದರೆ ಎಷ್ಟು ದಿನದಲ್ಲಿ ಮರಳುತ್ತದೆಂದು ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ? ಹಣ ಕೊಡುವ ಮೊದಲೇ ಕೇಳಿ.