ರಾಗಿಯ ಜೀನುಗಳಲ್ಲಿ ಬರದ ಗುಟ್ಟು

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಂಥ ಊರುಗಳಲ್ಲಿ ಮಳೆ ಕೈಕೊಟ್ಟಾಗ ರೈತ ನೆಚ್ಚುವುದು ರಾಗಿಯನ್ನೇ. ಈ ಗಟ್ಟಿತನ ಬಂದದ್ದೆಲ್ಲಿಂದ? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು 2017ರಲ್ಲಿ ‘ಎಂಎಲ್-365’ ತಳಿಯ ಜೀನೋಮನ್ನು, ಎಂದರೆ ಅದರ ವಂಶವಾಹಿಗಳ ಒಟ್ಟು ಬರಹವನ್ನು, ಓದಿ ಪ್ರಕಟಿಸಿದರು. ಕಂಡ ಜೀನುಗಳು 85,243! ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000 ಮಾತ್ರ. ಹಾಗೆಂದು ರಾಗಿ ನಮಗಿಂತ ಜಾಣನೆಂದಲ್ಲ. ಬಹು ಹಿಂದೆ ಎರಡು ಜಾತಿಯ ಹುಲ್ಲುಗಳು ಕೂಡಿ ಹುಟ್ಟಿದ ಸಸ್ಯವಿದು; ಎರಡರ ವರ್ಣತಂತುಗಳನ್ನೂ ಉಳಿಸಿಕೊಂಡಿದೆ.

ಸಂಶೋಧಕರು ನೀರುಂಡ ಪೈರನ್ನೂ ತೇವ ಕಡಿಮೆಯಾದ ಪೈರನ್ನೂ ಹೋಲಿಸಿ, ಬರಕ್ಕೆ ಸ್ಪಂದಿಸುವ ಜೀನುಗಳನ್ನು ಗುರುತಿಸಿದ್ದಾರೆ. ಆದರೆ ಪಟ್ಟಿಯೇ ತಳಿಯಲ್ಲ. ಯಾವ ಜೀನು ನಿಜವಾಗಿ ಕಾಳು ಉಳಿಸುತ್ತದೆಂಬುದನ್ನು ಹೊಲದಲ್ಲೇ ಪರೀಕ್ಷಿಸಬೇಕು. ಅದಕ್ಕೆ ಹಲವು ಮುಂಗಾರು ಬೇಕು.