ನಿಮಗೆ ಇಷ್ಟವಾದ ಊರು ಯಾವುದು?



ನಿಮಗೆ ಬಹಳ ಇಷ್ಟವಾದ ಊರು ಯಾವುದು, ಮತ್ತೆ ಮತ್ತೆ ನೋಡಬೇಕೆನಿಸುವ ನೆಲ ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಕೆಲವರು ಊಟಿ ಎನ್ನುತ್ತೀರಿ, ಕೆಲವರು ಮೈಸೂರು ಎನ್ನುತ್ತೀರಿ. ಇನ್ನು ಕೆಲವರು ಸಿನಿಮಾ ಹಾಡುಗಳಲ್ಲಿ ಕಂಡ ಸ್ವಿಟ್ಜರ್ಲೆಂಡನ್ನೋ ಲಂಡನ್ನನ್ನೋ ಹೆಸರಿಸುತ್ತೀರಿ. ಚಾಮರಾಜನಗರ ಜಿಲ್ಲೆಯ ಕುದೇರಿನ ಶಾಲೆಯಲ್ಲಿ ಕುಳಿತು ಈ ಪ್ರಶ್ನೆಗೆ ಉತ್ತರ ಬರೆಯುವ ಹುಡುಗನಾಗಲಿ ಹುಡುಗಿಯಾಗಲಿ ‘ಕುದೇರು’ ಎಂದು ಬರೆಯುವುದು ಅಪರೂಪ. ಇರುವುದಕ್ಕೆ ನಮ್ಮೂರು, ಮೆಚ್ಚುವುದಕ್ಕೆ ಬೇರೆ ಊರು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಆ ಭಾವನೆಯನ್ನು ಈ ಹೊತ್ತು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲು ದೂರದಿಂದಲೇ ಆರಂಭಿಸೋಣ. ಇಂಗ್ಲಿಷ್ ಪಠ್ಯದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. ಆ ಹೂವನ್ನು ಕಣ್ಣಾರೆ ಕಂಡವರು ಕಡಿಮೆ. ಆದರೂ ಅದರ ಬಣ್ಣ ಹಳದಿ, ಅದು ಸರೋವರದ ದಡದಲ್ಲಿ ಅರಳುತ್ತದೆ ಎಂದು ತಟ್ಟನೆ ಹೇಳಬಲ್ಲಿರಿ. ಕವಿ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಎಂಬ ಸರೋವರದ ಬಳಿ, ತಂಗಿ ಡೊರೊತಿಯವರೊಡನೆ ನಡೆದು ಬರುತ್ತಿದ್ದಾಗ. ತಂಗಿ ಅದನ್ನು ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟರು. ಅಣ್ಣನ ಪದ್ಯ ಹುಟ್ಟಿದ್ದು ಸುಮಾರು ಎರಡು ವರ್ಷಗಳ ಅನಂತರ; ಅಚ್ಚಾದದ್ದು 1807ರಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಸರೋವರ ಅವರ ಪಾಲಿಗೆ ದೂರದ ಪ್ರವಾಸಿ ತಾಣವಾಗಿರಲಿಲ್ಲ. ವರ್ಡ್ಸ್‌ವರ್ತ್ ಹುಟ್ಟಿದ್ದು, ಶಾಲೆಯಲ್ಲಿ ಓದಿದ್ದು, ಮನೆ ಮಾಡಿಕೊಂಡಿದ್ದು ಎಲ್ಲವೂ ಅದೇ ಸೀಮೆಯಲ್ಲಿ. ಅವರು ಬರೆದದ್ದು ತಮ್ಮ ಊರಿನ ದಾರಿಬದಿಯ ಹೂವಿನ ಮೇಲೆ.

ಇಂಗ್ಲೆಂಡಿನ ಆ ಸರೋವರ ಸೀಮೆಗೆ 2017ರಲ್ಲಿ ವಿಶ್ವ ಪರಂಪರೆಯ ತಾಣವೆಂಬ ಮನ್ನಣೆ ದೊರೆಯಿತು. ಅಲ್ಲಿನ ಬೆಟ್ಟಗಳ ಮೇಲೆ ಕಾಣುವ ಕಲ್ಲುಗೋಡೆಗಳು, ಹುಲ್ಲುಗಾವಲು, ಹಟ್ಟಿಗಳು ತಲೆತಲಾಂತರದಿಂದ ಕುರಿ ಸಾಕುವವರು ಮಾಡಿಟ್ಟವು. ಅಂದರೆ ಜಗತ್ತು ಮೆಚ್ಚಿದ ಆ ದೃಶ್ಯ ದುಡಿದವರ ಕೈಯಿಂದ ಮೂಡಿದ ದೃಶ್ಯ. ಅದನ್ನು ಉಳಿಸಿಕೊಳ್ಳಲೂ ಜನ ಶ್ರಮಿಸಿದ್ದಾರೆ. ಅಂಥ ಸ್ಥಳಗಳನ್ನು ಕಾಪಾಡಲೆಂದೇ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1895ರಲ್ಲಿ ಹುಟ್ಟಿತು.

ಆದರೆ ಚೆಲುವಾದ ನೆಲದಲ್ಲಿ ಕಾಲಿಡುವ ಹಕ್ಕು ಯಾರಿಗೆ? ಈ ಪ್ರಶ್ನೆಯೂ ಅಲ್ಲಿ ಎದ್ದಿತು. ಮ್ಯಾಂಚೆಸ್ಟರಿನ ಕಾರ್ಖಾನೆ, ಗಿರಣಿಗಳ ಯುವಕ ಯುವತಿಯರಿಗೆ ಭಾನುವಾರ ಬೆಟ್ಟದ ಗಾಳಿ ಕುಡಿಯುವ ಆಸೆ. ಬೆಟ್ಟಗಳೋ ಜಮೀನ್ದಾರರ ಬೇಟೆಗೆ ಮೀಸಲು. ಕಾವಲುಗಾರರ ಪಹರೆ ಬೇರೆ. 1932ರ ಏಪ್ರಿಲ್ 24ರಂದು ನೂರಾರು ತರುಣರು ಒಟ್ಟಾಗಿ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಹತ್ತಿದರು. ಅವರ ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತೇ ವರ್ಷ. ಅವರನ್ನೂ ಸೇರಿಸಿ ಐವರಿಗೆ ಸೆರೆಮನೆಯಾಯಿತು. ಆದರೆ ಹೋರಾಟ ನಿಲ್ಲಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಆ ಬೆಟ್ಟವಿರುವ ಪೀಕ್ ಸೀಮೆಯೂ ವರ್ಡ್ಸ್‌ವರ್ತರ ಸರೋವರ ಸೀಮೆಯೂ ರಾಷ್ಟ್ರೀಯ ಉದ್ಯಾನಗಳಾದವು. ಇಂಗ್ಲೆಂಡಿನ ಹಳ್ಳಿಗಾಡು ಇಂದು ನಮಗೆ ಚಿತ್ರದಂತೆ ಕಾಣುತ್ತಿದ್ದರೆ ಅದರ ಹಿಂದೆ ಬರೆದವರು, ದುಡಿದವರು, ನಡೆದವರು ಮೂವರೂ ಇದ್ದಾರೆ.

ಈಗ ಕುದೇರಿಗೆ ಬನ್ನಿ. ಇದು ಬಯಲುಸೀಮೆ. ಹೊಲ, ತೆಂಗು, ಹಿಪ್ಪುನೇರಳೆ, ಅರಿಸಿನ, ದನಕರು. ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇರುವುದು ಈ ಊರಿನಲ್ಲೇ. ಸುತ್ತಲಿನ ಹಳ್ಳಿಗಳ ಹಾಲು ಇಲ್ಲಿಗೆ ಬಂದು ಸೇರುತ್ತದೆ. ಪ್ರವಾಸಿ ಕೈಪಿಡಿಗಳಲ್ಲಿ ಕುದೇರಿನ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಆದರೆ ಇದನ್ನು ನಡುವಿಟ್ಟುಕೊಂಡು ಒಂದೊಂದು ದಿಕ್ಕಿಗೆ ಹೊರಟು ನೋಡಿ.

ಒಂದು ಕಡೆ ಚಾಮರಾಜನಗರ. ಇದರ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಸರಿಯಾಗಿ ನೂರು ವರ್ಷಗಳ ಅನಂತರ, 1926ರಲ್ಲಿ, ನಂಜನಗೂಡಿನಿಂದ ಇಲ್ಲಿಗೆ ರೈಲು ಬಂತು. ಊರು ಜಿಲ್ಲಾ ಕೇಂದ್ರವಾದದ್ದು 1997ರಲ್ಲಿ. ಆದರೂ ಈ ಊರಿಗೆ ಒಂದು ಅಪವಾದ ಅಂಟಿಕೊಂಡಿತ್ತು. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ಹಲವು ಮುಖ್ಯಮಂತ್ರಿಗಳು ಇತ್ತ ಸುಳಿಯಲೇ ಇಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಸಲ ಇಲ್ಲಿಗೆ ಬಂದು ಹೋದರು. ಐದು ವರ್ಷದ ಅವಧಿಯನ್ನೂ ಪೂರೈಸಿದರು. ಒಂದು ಊರಿಗೆ ಕೆಟ್ಟ ಹೆಸರು ಬರಲು ಕಾರಣವೇ ಬೇಕಿಲ್ಲ, ಹತ್ತು ಜನ ಹೇಳಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ತಾಲ್ಲೂಕಿನ ಕರಿಕಲ್ಲು ಹೊರದೇಶಗಳಿಗೆ ಹೋಗಿ ಅಲ್ಲಿ ಸ್ಮಾರಕಶಿಲೆಯಾಗಿ ನಿಲ್ಲುತ್ತದೆ. ನಮ್ಮ ಕಲ್ಲಿಗೆ ಅಲ್ಲಿ ಬೆಲೆ ಉಂಟು. ನಮ್ಮ ಊರಿಗೆ ಇಲ್ಲಿ ಬೆಲೆ ಇಲ್ಲವೆಂದರೆ ಹೇಗೆ?

ಇನ್ನೊಂದು ಕಡೆ ಸುವರ್ಣಾವತಿಯ ದಂಡೆಯ ಯಳಂದೂರು. ಜನರ ಬಾಯಲ್ಲಿ ಆ ನದಿ ಹೊನ್ನುಹೊಳೆ. ಇಲ್ಲಿನ ಗೌರೀಶ್ವರ ದೇವಾಲಯದ ಮುಂದಿರುವ ಬಳೆ ಮಂಟಪವನ್ನು ನೀವು ನೋಡಲೇಬೇಕು. ಕಲ್ಲಿನಲ್ಲಿ ಬಳೆಗಳನ್ನು ಕಡೆದು, ಒಂದರೊಳಗೊಂದು ಕೋದ ಸರಪಳಿಗಳಂತೆ ತೂಗಬಿಟ್ಟ ಶಿಲ್ಪಿಗಳ ಜಾಣ್ಮೆ ಅಲ್ಲಿದೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದು, ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿ ಹೊನ್ನಮ್ಮ ಈ ಊರಿನವರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತದ್ದೂ ಇದೇ ಯಳಂದೂರು.

ನೈಋತ್ಯಕ್ಕೆ ಗುಂಡ್ಲುಪೇಟೆ. ಗುಂಡ್ಲುಹೊಳೆಯಿಂದ ಹೆಸರು ಪಡೆದ ಊರು. ಹೊನ್ನಮ್ಮನಿಗೆ ಆಶ್ರಯ ಕೊಟ್ಟ ಚಿಕ್ಕದೇವರಾಜರೇ ತಮ್ಮ ತಂದೆಯ ನೆನಪಿಗೆ ಇಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಇದರಾಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1,454 ಮೀಟರ್. ಬೇಸಿಗೆಯಲ್ಲೂ ಅಲ್ಲಿ ಮಂಜು ಕವಿಯುವುದುಂಟು. ಅದರ ಸುತ್ತ ಬಂಡೀಪುರದ ಕಾಡು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದಕ್ಕೆ ಸೇರಿದ ಕಾಡು. 2009ರಿಂದ ಈ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ರಾತ್ರಿಯ ರಸ್ತೆಯನ್ನು ಮನುಷ್ಯ ಪ್ರಾಣಿಗಳಿಗೆ ಬಿಟ್ಟುಕೊಡಬೇಕೆಂಬ ಮಾತು ಅಲ್ಲಿ ಕಾನೂನೇ ಆಯಿತು.

ಗುಂಡ್ಲುಪೇಟೆಯ ಸೀಮೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು ಅರಳಿ ನಿಲ್ಲುತ್ತವೆ. ಕೇರಳಕ್ಕೆ, ಊಟಿಗೆ ಹೋಗಿ ಬರುವ ಕಾರುಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಜನ ಇಳಿದು, ಹೊಲಕ್ಕೆ ನುಗ್ಗಿ, ಹೂಗಳ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. “ಗಿಡ ತುಳೀಬ್ಯಾಡಿ ಕನಪ್ಪ” ಎನ್ನುವ ರೈತನ ಕೂಗು ಅವರಿಗೆ ಕೇಳಿಸುವುದಿಲ್ಲ. ನೋಡುವವರಿಗೆ ಅದು ಹೂದೋಟ. ಬೆಳೆದವನಿಗೆ ಅದು ಸಾಲ ತೀರಿಸಬೇಕಾದ ಬೆಳೆ. ಆ ಚೆಂಡುಹೂವು ಬಣ್ಣದ ಸಾರ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಸಾರವನ್ನು ಕೋಳಿಯ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಮೊಟ್ಟೆ ತಿನ್ನುವ ಎಷ್ಟು ಜನರಿಗೆ ಈ ಹೊಲದ ನೆನಪಾಗುತ್ತದೆ?

ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರ ಕಥೆಯಲ್ಲಿ ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿದು ಮದುವೆಯಾದ ದೇವರು. ಆದ್ದರಿಂದ ಬೆಟ್ಟದ ಒಡೆಯ ಅವರಿಗೆ ಬಾವನಾಗಬೇಕು! ಕಾಡಿನೊಳಗಿನ ದೊಡ್ಡ ಸಂಪಿಗೆ ಮರ ಅವರಿಗೆ ದೇವರ ತಾವು. ಕಂಸಾಳೆಯವರು ಮಾದಪ್ಪನ ಕಥೆಯಲ್ಲಿ ಎಪ್ಪತ್ತೇಳು ಮಲೆಯನ್ನು ಹಾಡುವುದೂ, ನೀಲಗಾರರು ಮಂಟೇಸ್ವಾಮಿಯ ಕಥೆಯಲ್ಲಿ ಊರೂರುಗಳನ್ನು ಹೆಸರಿಸುತ್ತ ಸಾಗುವುದೂ ಇದೇ ಬಗೆಯ ಪ್ರೀತಿ. ಈ ಸೀಮೆಯ ಜನ ಬೆಟ್ಟವನ್ನು ದೂರ ನಿಂತು ನೋಡಿ ‘ಆಹಾ’ ಎಂದವರಲ್ಲ. ಅದರೊಡನೆ ನಂಟಸ್ತಿಕೆ ಬೆಳೆಸಿದವರು.

ಆ ನಂಟು ಒಮ್ಮೆ ಕಡಿದುಹೋಗುವುದರಲ್ಲಿತ್ತು. ಕಾಡು ಅಭಯಾರಣ್ಯವಾದಾಗ ಸೋಲಿಗರು ಕಾಡಿನೊಳಗಿನ ಬೇಸಾಯವನ್ನು ಬಿಟ್ಟು ಹಾಡಿಗಳಲ್ಲಿ ನೆಲೆಸಬೇಕಾಯಿತು. ಒಣಗಿದ ಎಲೆಗಳಿಗೆ ಅವರು ಹಾಕುತ್ತಿದ್ದ ‘ತರಗು ಬೆಂಕಿ’ಯೂ ನಿಂತಿತು. 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರದಿಂದ 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದೇ ವರ್ಷ ಆ ಕಾಡು ಹುಲಿ ಮೀಸಲು ಪ್ರದೇಶವೂ ಆಯಿತು. ಮ್ಯಾಂಚೆಸ್ಟರಿನ ತರುಣರು ಕೇಳಿದ ಪ್ರಶ್ನೆಯೇ ಇಲ್ಲಿ ಇನ್ನೂ ಗಹನವಾಗಿ ಎದ್ದಿತ್ತು. ಅವರು ಕೇಳಿದ್ದು ಭಾನುವಾರ ನಡೆಯುವ ಹಕ್ಕು; ಇವರು ಕೇಳಿದ್ದು ಬದುಕುವ ಹಕ್ಕು.

ಇಲ್ಲಿ ಒಂದು ಗಿಡದ ಕಥೆ ಹೇಳಬೇಕು. ಬ್ರಿಟಿಷರು ಈ ದೇಶಕ್ಕೆ ಬಂದಾಗ ತಮ್ಮ ನಾಡಿನ ಚೆಲುವನ್ನು ಇಲ್ಲೂ ಕಾಣಬೇಕೆಂದು ಬಯಸಿದರು. 1819ರಲ್ಲಿ ನೀಲಗಿರಿ ಹತ್ತಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಊಟಿಯನ್ನು ಬೆಳೆಸಿದರು. ನೀವು ದೋಣಿ ನಡೆಸಿ ನಲಿಯುವ ಅಲ್ಲಿನ ಕೆರೆಯೂ ಅವರು ಕಟ್ಟಿಸಿದ್ದೇ. ನೈಸರ್ಗಿಕವಾದ ಹುಲ್ಲುಗಾವಲಿನ ಮೇಲೆ ಹೊರನಾಡಿನ ಮರಗಳು ಬಂದವು. ಹಾಗೆಯೇ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದ ಲಂಟಾನ ಎಂಬ ಗಿಡ ತೋಟದ ಅಂದಕ್ಕೆಂದು ಭಾರತಕ್ಕೆ ಬಂತು. ಬಣ್ಣಬಣ್ಣದ ಪುಟ್ಟ ಹೂಗೊಂಚಲು. ತೋಟದ ಬೇಲಿ ದಾಟಿದ್ದೇ ತಡ, ಕಾಡಿಗೆ ಕಾಡನ್ನೇ ಆವರಿಸಿತು. ಬಂಡೀಪುರದಲ್ಲೂ ಬಿಳಿಗಿರಿಯಲ್ಲೂ ಜಿಂಕೆ, ಆನೆ ಮೇಯುವ ಹುಲ್ಲು ಅದರಡಿ ನಲುಗಿತು. ತರಗು ಬೆಂಕಿ ನಿಂತದ್ದೂ ಲಂಟಾನ ಹಬ್ಬಲು ಒಂದು ಕಾರಣವೆಂದು ಸೋಲಿಗರು ಹೇಳುತ್ತಾರೆ. ಒಂದು ನೆಲವನ್ನು ಅರಿಯದೆ ಅದನ್ನು ಅಂದಗೊಳಿಸಲು ಹೊರಟರೆ ಏನಾಗುತ್ತದೆಂಬುದಕ್ಕೆ ಈ ಗಿಡವೇ ಸಾಕ್ಷಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಮಾಡಲು ಕಲಿತರು. ಬಂಡೀಪುರದಾಚೆಯ ಗೂಡಲೂರು ಸೀಮೆಯ ಬುಡಕಟ್ಟು ಕುಶಲಕರ್ಮಿಗಳು ಆ ಕಡ್ಡಿಗಳನ್ನು ಬಾಗಿಸಿ ಜೀವಂತ ಆನೆಗಳಷ್ಟೇ ದೊಡ್ಡ ಆನೆಗಳನ್ನು ಕಟ್ಟಿದರು. 2021ರಲ್ಲಿ ಆ ಆನೆಗಳ ಹಿಂಡು ಲಂಡನ್ನಿನ ಉದ್ಯಾನಗಳ ಹಸಿರು ಹುಲ್ಲಿನ ಮೇಲೆ ನಿಂತಿತು. ಅಂದಕ್ಕೆಂದು ಇಲ್ಲಿಗೆ ತಂದ ಗಿಡ ಆನೆಯಾಗಿ ಲಂಡನ್ನಿಗೆ ಹೋಯಿತು! ಅಲ್ಲಿನ ಜನ ಬೆರಗಾಗಿ ನೋಡಿದರು. ಅವರು ನೋಡಿದ್ದು ನಮ್ಮ ಕಾಡಿನವರ ಕೈಚಳಕವನ್ನು.

ವಿದ್ಯಾರ್ಥಿ ಮಿತ್ರರೇ, ಇಂಗ್ಲೆಂಡಿನ ಸರೋವರಗಳನ್ನು ಮೆಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಅವಕಾಶ ಒದಗಿದರೆ ಖಂಡಿತ ಹೋಗಿ ನೋಡಿ. ಆದರೆ ಹೋಗುವಾಗ ನಿಮ್ಮ ಊರನ್ನು ಅರಿತು ಹೋಗಿ. ತನ್ನ ಊರಿನ ಹಳ್ಳದ ಹೆಸರು ಗೊತ್ತಿಲ್ಲದವನು ಥೇಮ್ಸ್ ನದಿಯ ದಡದಲ್ಲಿ ನಿಂತರೂ ಕಾಣುವುದು ಬರಿಯ ನೀರು.

ಅದಕ್ಕಾಗಿ ಒಂದು ಸಣ್ಣ ಕೆಲಸ ಹೇಳುತ್ತೇನೆ. ಮುಂದಿನ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಊರಿನ ಸುತ್ತ ನಾಲ್ಕು ಮೈಲಿ ನಡೆಯಿರಿ. ಕೆರೆ, ಕಟ್ಟೆ, ಹಳ್ಳ, ದಿಣ್ಣೆ, ಮರ, ಹೊಲದ ತೆವರಿನ ಹೂವು, ಇವುಗಳ ಹೆಸರನ್ನು ಅಜ್ಜಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಆ ಹೆಸರು ಏಕೆ ಬಂತೆಂದು ಕೇಳಿ. ಯಾವ ಹೊಲದಲ್ಲಿ ಯಾರು, ಏನನ್ನು, ಎಷ್ಟು ಕಷ್ಟದಿಂದ ಬೆಳೆಯುತ್ತಾರೆಂದು ತಿಳಿಯಿರಿ. ಹೊಲದೊಳಗೆ ಕಾಲಿಡುವ ಮುನ್ನ ಅಪ್ಪಣೆ ಕೇಳಿ. ಡೊರೊತಿ ವರ್ಡ್ಸ್‌ವರ್ತ್ ಮಾಡಿದ್ದೂ ಇಷ್ಟೇ: ನಡೆದರು, ನೋಡಿದರು, ಬರೆದಿಟ್ಟರು.

ಹೀಗೆ ಒಂದು ವರ್ಷ ಮಾಡಿ. ಆಮೇಲೆ ನಿಮಗೆ ಇಷ್ಟವಾದ ಊರು ಯಾವುದೆಂದು ಯಾರಾದರೂ ಕೇಳಿದರೆ, ಕುದೇರಿನ ಹುಡುಗ ‘ಕುದೇರು’ ಎಂದು ಬರೆದಾನು. ಏಕೆ ಎಂದು ಕೇಳಿದರೆ ಹತ್ತು ಪುಟ ಉತ್ತರವನ್ನೂ ಕೊಟ್ಟಾನು.