ಬೆಟ್ಟದಲ್ಲಿ ಉಳಿದ ದರಕು



ಫೆಬ್ರವರಿ ತಿಂಗಳ ಒಂದು ಬೆಳಗು. ಸಿರಸಿ ತಾಲ್ಲೂಕಿನ ಹಳ್ಳಿಯೊಂದರ ಅಡಿಕೆ ಕೃಷಿಕರೊಬ್ಬರು ಎದ್ದೊಡನೆ ಮನೆಯ ಹಿಂದಿನ ಅಬ್ಬಿಯ ಬಳಿಗೆ ಹೋದರು. ಬೆಟ್ಟದ ಒರತೆಯ ನೀರು ಅಡಿಕೆದಬ್ಬೆಯಲ್ಲಿ ಹರಿದುಬಂದು ಬೀಳುವ ಸ್ಥಳವದು. ಕೊಡವನ್ನಿಟ್ಟು, ತುಂಬುವವರೆಗೆ ಎಣಿಸಿದರು. ದೀಪಾವಳಿಯ ವೇಳೆಗೆ 40 ಎಣಿಸುವಷ್ಟರಲ್ಲಿ ತುಂಬುತ್ತಿದ್ದ ಕೊಡಕ್ಕೆ ಈಗ 90 ಎಣಿಸಬೇಕಾಯಿತು. ಬೇಸಗೆಯಾದರೋ ಇನ್ನೂ ಮುಂದಿದೆ.

ಅಂದಿನ ಕೆಲಸ ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸುವುದು. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯವು ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕುಗಳ ಹಕ್ಕು ರೈತನದು, ಭೂಮಿ ರೈತನದಲ್ಲ. ಈ ಭೇದವನ್ನು ನಾವು ಅನುಕೂಲವಿದ್ದಾಗ ಮಾತ್ರ ನೆನೆಯುತ್ತೇವೆ.

ಮತ್ತಿ, ಹೊನ್ನೆಯ ಮರಗಳ ಕೆಳಗೆ ಮಧ್ಯಾಹ್ನದವರೆಗೆ ಗುಡಿಸಿ, ದಣಿದು ಬಂಡೆಯೊಂದರ ಮೇಲೆ ಕುಳಿತರು. ಎಲ್ಲಿಯೋ ಕುಟ್ರುಹಕ್ಕಿಯೊಂದು ಬಿಡದೆ ಕೂಗುತ್ತಿದ್ದಿತು. ಬಂಡೆಯ ಮಗ್ಗುಲಲ್ಲಿ ಕಸಬರಿಗೆ ತಾಗದ ಒಂದು ಮೂಲೆ. ಸುಮ್ಮನೆ ಕೈಯಿಂದ ಎಲೆಗಳನ್ನು ಸರಿಸಿದರು. ಮೇಲೆ ಗರಿಗರಿಯಾದ ಎಲೆ, ಅದರಡಿ ನರಗಳಷ್ಟೇ ಉಳಿದ ಎಲೆ, ಅದಕ್ಕೂ ಕೆಳಗೆ ಬಿಳಿಯ ಶಿಲೀಂಧ್ರದ ಎಳೆಗಳು ಹೆಣೆದ ಕಪ್ಪು ಮಣ್ಣು. ಆ ಮಣ್ಣಿನಲ್ಲಿ ತೇವವಿದ್ದಿತು! ಎರಡು ಮಾರು ಆಚೆ, ವರ್ಷವರ್ಷವೂ ಗುಡಿಸಿದ ನೆಲದಲ್ಲಿ ಜಂಬಿಟ್ಟಿಗೆಯ ಹರಳುಗಳು ಎದ್ದು ಕಾಣುತ್ತಿದ್ದವು. ಚೊಂಬಿನಲ್ಲಿ ಉಳಿದ ನೀರನ್ನು ಎರಡೂ ಕಡೆ ಸುರಿದರು. ಒಂದೆಡೆ ಇಂಗಿತು, ಇನ್ನೊಂದೆಡೆ ಇಳಿಜಾರು ಹಿಡಿದು ಓಡಿತು.

ಇದರ ಕಾರಣವು ಗಹನವಾದುದಲ್ಲ. ಹೊದಿಕೆಯಿಲ್ಲದ ಮಣ್ಣಿಗೆ ಮಳೆಹನಿ ನೇರವಾಗಿ ಬಡಿದಾಗ ಸೂಕ್ಷ್ಮ ಕಣಗಳು ಸಿಡಿದು ರಂಧ್ರಗಳನ್ನು ಮುಚ್ಚುತ್ತವೆ, ಮೇಲ್ಮೈ ಹೆಪ್ಪುಗಟ್ಟುತ್ತದೆ. ಒಂದು ಎಕರೆಯ ಮೇಲೆ ಬಿದ್ದ ಒಂದೇ ಮಿಲಿಮೀಟರ್ ಮಳೆಯೆಂದರೆ ಸುಮಾರು 4000 ಲೀಟರ್ ನೀರು. ಅದು ಇಂಗಿದರೆ ಒರತೆಗೆ, ಓಡಿದರೆ ಹಳ್ಳಕ್ಕೆ. ವಿದ್ಯಾರ್ಥಿಗಳು ಈ ಚೊಂಬಿನ ಪರೀಕ್ಷೆಯನ್ನು ತಮ್ಮ ಊರಿನ ಬೆಟ್ಟದಲ್ಲಿಯೇ ಮಾಡಿನೋಡಬಹುದು.

ಹಾಗೆಂದು ದರಕನ್ನೆಲ್ಲ ಬಿಟ್ಟುಬಿಡಲಾದೀತೇ? ಬೇಸಗೆಯಲ್ಲಿ ಒಂದು ಬೀಡಿಯ ಕಿಡಿ ಸಾಕು. ಆದುದರಿಂದ ಅವರು ದಾರಿಯ ಎರಡೂ ಬದಿಗಳನ್ನೂ ತೋಟದ ಅಂಚನ್ನೂ ಚೊಕ್ಕಟವಾಗಿ ಗುಡಿಸಿ, ಒರತೆಯ ಮೇಲಿನ ಇಳಿಜಾರನ್ನು ಹಾಗೆಯೇ ಬಿಟ್ಟು ಇಳಿದುಬಂದರು.

ಹೊರೆ ಸಣ್ಣದಾದುದನ್ನು ಮನೆಯಾಕೆ ಗಮನಿಸದಿರಲಿಲ್ಲ. “ಕೊಟ್ಟಿಗೆಗೆ ಹಾಸುವುದೇನು? ಬರುವ ವರ್ಷ ತೋಟಕ್ಕೆ ಗೊಬ್ಬರವೆಲ್ಲಿಂದ?” ಎಂದರು. ನ್ಯಾಯವಾದ ಪ್ರಶ್ನೆ. ತೋಟದಲ್ಲಿ ಬಿದ್ದ ಸೋಗೆಯನ್ನು ಕೊಚ್ಚಿ ಹಾಸುವುದು, ಅಂಗಳದ ಮೂಲೆಯಲ್ಲಿ ರಾಶಿಬಿದ್ದ ಅಡಿಕೆಸಿಪ್ಪೆಯನ್ನು ಸಗಣಿಯೊಡನೆ ಕಳಿಯಿಸುವುದು ಎಂದು ಅವರು ಹೇಳಿದರು. ಸೋಗೆ ಕೊಚ್ಚಲು ಆಳು ಬೇಕು. ಸಿಪ್ಪೆ ಬೇಗ ಕಳಿಯುವುದೂ ಇಲ್ಲ. ಆಕೆ ಒಪ್ಪಿದಂತೆ ಕಾಣಲಿಲ್ಲ. ಈ ಒಂದು ವರ್ಷ ನೋಡೋಣವೆಂಬಲ್ಲಿಗೆ ಮಾತು ನಿಂತಿತು.

ಹಾಲು ಕರೆದು ಮುಗಿದ ಮೇಲೆ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ 90 ಎಂದು ಬರೆದರು. ಡಿಸೆಂಬರ್ ಮುಗಿದರೂ ಅದನ್ನು ಎಸೆಯಬಾರದೆಂದು ಮೊಮ್ಮಗಳಿಗೆ ಹೇಳಿದರು.